ಐದು ಪ್ಯಾಕೆಟ್ಟು, ಒಂದು ಮೂಗು

ಈ ವಾರ ಈ ಪುಟದಲ್ಲಿ ಹೀರೋ ಇಲ್ಲ, ಹೀರೋಯಿನ್ ಇಲ್ಲ, ಯಾರ ಕಾಲ್‌ಶೀಟು ಯಾರ ಕೈ ತಪ್ಪಿತು ಎಂಬ ಗುಸುಗುಸುವೂ ಇಲ್ಲ. ಟೀ ಪುಡಿ ಇದೆ. ಪುಟ ತಿರುವಬೇಡಿ ಗುರುಗಳೇ! ನಿಮ್ಮ ಬಸ್ಸು ಹೊರಡಲು ಇನ್ನೂ ಹತ್ತು ನಿಮಿಷವಿದೆ, ಕೈಯಲ್ಲಿ ಬೈಟು ಟೀ ಇದೆ. ಅದನ್ನು ಹೀರುತ್ತಲೇ ಓದಿ.

ಮೈಸೂರಿನಿಂದ ಒಬ್ಬ ಹುಡುಗ ಪತ್ರ ಬರೆದಿದ್ದಾನೆ. ರೂಮಿನಲ್ಲಿ ನಾಲ್ಕು ಜನ, ನಾಲ್ವರೂ ತಂದ ನಾಲ್ಕು ತರಹದ ಟೀ ಪುಡಿ ಅರ್ಧರ್ಧ ಉಳಿದಿದೆಯಂತೆ. "ಎಲ್ಲವನ್ನೂ ಒಂದೇ ಡಬ್ಬಿಗೆ ಸುರಿದು ಕುಡಿದರೆ ಹೊಟ್ಟೆ ಕೆಡುತ್ತದಾ ಸಾರ್?" ಎಂದು ಕೇಳಿದ್ದಾನೆ. ಹೊಟ್ಟೆ ಕೆಡುವುದಿಲ್ಲ ತಮ್ಮಾ. ಪುಡಿ ಒಣಗಿದ್ದರೆ, ಬೂಸಲು ಹಿಡಿದಿಲ್ಲದಿದ್ದರೆ ಧಾರಾಳವಾಗಿ ಸುರಿ. ಆದರೆ ಸುರಿಯುವ ಮೊದಲು ಒಂದು ಕಾಗದ ಪೆನ್ನು ತಗೋ. ಯಾಕೆ ಅಂತ ಹೇಳುವುದಕ್ಕೇ ಈ ಕಥೆ.

2021ರ ಮಾತು. ಎರಡನೇ ಅಲೆ ಬಂದು ಗಾಂಧಿನಗರವೆಲ್ಲ ಬಾಗಿಲು ಹಾಕಿಕೊಂಡಿತ್ತು. ನನ್ನ ರೂಮಿನ ಶೆಲ್ಫಿನಲ್ಲಿ ಐದು ಪ್ಯಾಕೆಟ್ಟು ಟೀ ಉಳಿದಿತ್ತು, ಒಂದೂ ಪೂರ್ತಿ ಇಲ್ಲ. ಮೊದಲನೆಯದು ದಿನಬಳಕೆಯ ಅಸ್ಸಾಂ ಗುಂಡು ಪುಡಿ. ಎರಡನೆಯದು ಹೋಟೆಲಿನವರು ಕೊಳ್ಳುವ ಡಸ್ಟ್. ಮೂರನೆಯದು ಊಟಿಗೆ ಶೂಟಿಂಗ್ ನೋಡಲು ಹೋದಾಗ ತಂದ ನೀಲಗಿರಿ ಎಲೆ, ಪ್ಯಾಕೆಟ್ಟಿನ ಮೇಲೆ ಬ್ರೋಕನ್ ಆರೆಂಜ್ ಪೆಕೋ ಎಂದು ಬರೆದಿತ್ತು. (ಆರೆಂಜ್ ಅಂದ ಮಾತ್ರಕ್ಕೆ ಕಿತ್ತಳೆ ಹುಡುಕಬೇಡಿ. ಅದು ಎಲೆಯ ದರ್ಜೆಯ ಹೆಸರು ಅಷ್ಟೇ.) ನಾಲ್ಕನೆಯದು ಚಿಕ್ಕಮಗಳೂರು ಜಿಲ್ಲೆಯ ಕೆಳಗೂರಿನದು. ಹೌದು ಸ್ವಾಮಿ, ಕಾಫಿಯ ತವರಿನಲ್ಲೇ ಟೀ ತೋಟವೂ ಇದೆ! ಐದನೆಯದು ಯಾವುದೋ ಹಾಡಿನ ಸಿ.ಡಿ. ಬಿಡುಗಡೆ ಸಮಾರಂಭದಲ್ಲಿ ಹಾರದ ಬದಲು ಕೊಟ್ಟ ಗ್ರೀನ್ ಟೀ. ಸಿನಿಮಾ ಓಡಲಿಲ್ಲ, ಟೀಯೂ ಖರ್ಚಾಗಲಿಲ್ಲ.

ಇನ್ನು ಮೂಗಿನ ವಿಷಯ. ನನ್ನ ರೂಮಿನಿಂದ ಎರಡು ರಸ್ತೆ ಆಚೆ ಒಬ್ಬರಿದ್ದಾರೆ, ಹೆಸರು ಬೇಡ, ನಾವೆಲ್ಲ ಆಪರೇಟರಣ್ಣ ಅನ್ನುತ್ತೇವೆ. 1973ರಲ್ಲಿ 'ಗಂಧದ ಗುಡಿ' ಬಂದಾಗ ಹದಿನೆಂಟರ ಹುಡುಗ, ಪ್ರೊಜೆಕ್ಟರ್ ಕ್ಯಾಬಿನ್ನಿನಲ್ಲಿ ರೀಲು ಸುತ್ತುವ ಹೆಲ್ಪರ್. ಆಮೇಲೆ ಅದೇ ಕ್ಯಾಬಿನ್ನಿಗೆ ಯಜಮಾನ. ರೀಲು ಹೋಗಿ ಡಿಜಿಟಲ್ ಬಂದ ಮೇಲೆ "ಇನ್ನು ಇಲ್ಲಿ ನನಗೇನು ಕೆಲಸ, ಗುಂಡಿ ಒತ್ತೋಕೆ ಯಾರಾದರೂ ಆಗ್ತಾರೆ" ಅಂತ ಮನೆಗೆ ಬಂದವರು.

ಪ್ರೊಜೆಕ್ಟರ್ ನಡೆಸುವವನಿಗೆ ಕಣ್ಣು ಮುಖ್ಯ ಅಂತ ನಾನು ಅಂದುಕೊಂಡಿದ್ದೆ. ಅಣ್ಣ ನಗುತ್ತಿದ್ದರು. "ಕಣ್ಣು ಬಾಲ್ಕನಿಯವನಿಗೆ. ನನಗೆ ಮೂಗು." ಫಿಲ್ಮು ಗೇಟಿನಲ್ಲಿ ಸಿಕ್ಕಿಕೊಂಡು ದೀಪದ ಕಾವಿಗೆ ಕರಗತೊಡಗಿದರೆ ಪರದೆಯ ಮೇಲೆ ಗುಳ್ಳೆ ಏಳುತ್ತದಲ್ಲ, ಗಾಂಧಿ ಕ್ಲಾಸಿನಿಂದ ಶಿಳ್ಳೆ ಬೀಳುತ್ತದಲ್ಲ, ಅಷ್ಟರೊಳಗೆ ಅಣ್ಣನ ಕೈ ಸ್ವಿಚ್ಚಿನ ಮೇಲೆ ಇರುತ್ತಿತ್ತು. ಮೂಗು ಮೊದಲೇ ಹೇಳಿರುತ್ತಿತ್ತು. ಹಳೆಯ ಪ್ರಿಂಟು ಬಂದರೆ ಡಬ್ಬಿಯ ಮುಚ್ಚಳ ತೆರೆದು ಒಮ್ಮೆ ಮೂಸುವರು. ವಿನಿಗರ್ ತರಹ ಹುಳಿ ವಾಸನೆ ಬಂದರೆ ಫಿಲ್ಮು ಕೊಳೆಯಲು ಶುರುವಾಗಿದೆ ಎಂದು ಅರ್ಥ. ಅಸಿಟೇಟ್ ಫಿಲ್ಮು ಹಾಳಾಗುವಾಗ ಬಿಡುವ ವಾಸನೆಯೇ ಅದು.

ಅಂಥ ಮೂಗು 2021ರ ಮೇ ತಿಂಗಳಲ್ಲಿ ಕೋವಿಡ್ ಬಂದು ಹೋಯಿತು. ಜ್ವರ ಹೋಯಿತು, ಉಸಿರು ಉಳಿಯಿತು, ಮೂಗು ಮಾತ್ರ ಸತ್ತಿತು. ಮನೆಯಲ್ಲಿ ಹಾಲು ಸೀದು ಪಾತ್ರೆ ಕಪ್ಪಾದರೂ ಪಕ್ಕದ ಕುರ್ಚಿಯಲ್ಲಿ ಪೇಪರ್ ಓದುತ್ತಾ ಕೂತಿದ್ದರಂತೆ. ಅಕ್ಕ ಓಡಿ ಬಂದು ಗ್ಯಾಸ್ ಆರಿಸಿದರು. ಅವತ್ತಿನಿಂದ ಅಣ್ಣ ಅಡುಗೆಮನೆಗೆ ಕಾಲಿಡಲಿಲ್ಲ.

ಮೂರು ತಿಂಗಳಾದ ಮೇಲೆ ಮೂಗು ಸ್ವಲ್ಪ ಎದ್ದಿತು, ಆದರೆ ಉಲ್ಟಾ ಎದ್ದಿತು! ಕಾಫಿ ಅಂದರೆ ಪ್ರಾಣ ಬಿಡುತ್ತಿದ್ದ ಮನುಷ್ಯನಿಗೆ ಕಾಫಿ ಸುಟ್ಟ ರಬ್ಬರಿನ ವಾಸನೆ. ಈರುಳ್ಳಿ ಬೆಳ್ಳುಳ್ಳಿ ಒಗ್ಗರಣೆ ಮೋರಿ ವಾಸನೆ. ಕೋವಿಡ್ ಆದ ಎಷ್ಟೋ ಜನಕ್ಕೆ ಹೀಗಾಗಿದೆ. ಅದರಲ್ಲೂ ಕಾಫಿ ಮೊದಲ ವಿಲನ್. ಅಕ್ಕ ಡಿಕಾಕ್ಷನ್ ಇಳಿಸುವ ಹೊತ್ತಿಗೆ ಅಣ್ಣ ಮನೆ ಬಿಟ್ಟು ನನ್ನ ರೂಮಿಗೆ ಬರತೊಡಗಿದರು.

"ಟೀ ಹಾಕು. ಏನೂ ಗೊತ್ತಾಗಲ್ಲ. ಆದರೂ ಬಾಯಿಗೆ ಬಿಸಿಯಾಗಿ ಏನಾದರೂ ಬೇಕು."

ಏನೂ ಗೊತ್ತಾಗಲ್ಲ ಅನ್ನುವ ಮಾತು ಪೂರ್ತಿ ನಿಜ ಅಲ್ಲ. ನಾಲಗೆಗೆ ಗೊತ್ತಾಗುವುದು ಸಿಹಿ, ಹುಳಿ, ಉಪ್ಪು, ಕಹಿ ಮತ್ತು ಜಪಾನಿನವರು ಉಮಾಮಿ ಅನ್ನುವ ಒಂದು ಸಾರದ ರುಚಿ. ಮಿಕ್ಕ ಘಮವೆಲ್ಲ ಮೂಗಿನ ಸಂಪಾದನೆ. ಆದರೆ ಟೀಯಲ್ಲಿ ಇನ್ನೊಂದು ಇದೆ, ಒಗರು. ಅದು ರುಚಿಯೂ ಅಲ್ಲ, ವಾಸನೆಯೂ ಅಲ್ಲ. ಬಾಯಿಯ ಚರ್ಮವನ್ನು ಬಿಗಿಹಿಡಿಯುವ ಸ್ಪರ್ಶ. ಶುಂಠಿಯ ಖಾರ, ಪುದೀನದ ತಂಪು ಕೂಡ ಹಾಗೆಯೇ. ಮೂಗು ಸತ್ತವನಿಗೂ ಇವು ತಟ್ಟುತ್ತವೆ. ಹಾಗಾದರೆ ಮೊದಲು ಅಣ್ಣನಿಗೆ ತಟ್ಟುವ ಟೀ ಮಾಡಬೇಕು, ವಾಸನೆ ಆಮೇಲೆ ಬರಲಿ ಅಂತ ಲೆಕ್ಕ ಹಾಕಿದೆ.

ಹೊಸ ಪುಡಿ ಕೊಳ್ಳಲು ಕೆಲಸವೂ ಇರಲಿಲ್ಲ, ಕಾಸೂ ಇರಲಿಲ್ಲ. ಉಳಿದ ಐದರಲ್ಲೇ ಆಟ.

ಈ ಐದೂ ಒಂದೇ ಗಿಡದ ಮಕ್ಕಳು ಅನ್ನುವುದು ಎಷ್ಟು ಜನಕ್ಕೆ ಗೊತ್ತು? ಎಲೆ ಕಿತ್ತು, ಬಾಡಿಸಿ, ಹೊಸಕಿ, ಗಾಳಿಗೆ ಕಂದಲು ಬಿಟ್ಟರೆ ನಮ್ಮ ಕರಿ ಟೀ. ಕಂದುವ ಮೊದಲೇ ಬಿಸಿ ಮುಟ್ಟಿಸಿ ತಡೆದರೆ ಗ್ರೀನ್ ಟೀ. ಎಲೆಯನ್ನು ಹಲ್ಲಿನ ರೋಲರುಗಳ ನಡುವೆ ಜಜ್ಜಿ, ಹರಿದು, ಸುರುಳಿ ಮಾಡಿದರೆ ಸಿ.ಟಿ.ಸಿ. ಆ ಯಂತ್ರ ಅಸ್ಸಾಮಿನಲ್ಲಿ 1930ರ ಸುಮಾರಿಗೆ ಬಂತು, ಅದಿಲ್ಲದಿದ್ದರೆ ನಮ್ಮ ಬಸ್‌ಸ್ಟ್ಯಾಂಡಿನ ಗಟ್ಟಿ ಟೀ ಇರುತ್ತಿರಲಿಲ್ಲ. ಡಸ್ಟ್ ಅಂದರೆ ಕಸ ಗುಡಿಸಿದ್ದಲ್ಲ. ಜರಡಿಯಲ್ಲಿ ಕೊನೆಗೆ ಇಳಿಯುವ ಸಣ್ಣ ಕಾಳು. ಕಾಳು ಸಣ್ಣದಾದಷ್ಟೂ ನೀರಿಗೆ ಬೇಗ ಬಣ್ಣ, ಬೇಗ ಒಗರು. ಅದಕ್ಕೇ ಹೋಟೆಲಿನವನಿಗೆ ಅದರ ಮೇಲೆ ಪ್ರೀತಿ.

ಮೊದಲ ಪ್ರಯೋಗ ಮಲ್ಟಿಸ್ಟಾರರ್. ಐದನ್ನೂ ಒಂದೊಂದು ಚಮಚ ಹಾಕಿ ಹಾಲಿನಲ್ಲಿ ಕುದಿಸಿದೆ. ಫ್ಲಾಪು! ಗ್ರೀನ್ ಟೀಗೆ ಕುದಿನೀರು ಆಗುವುದಿಲ್ಲ, ಎಂಬತ್ತು ಡಿಗ್ರಿ ಆಸುಪಾಸಿನ ನೀರಿಗೆ ಎರಡು ನಿಮಿಷ ಸಾಕು. ಕರಿ ಪುಡಿಗೆ ಕುದಿನೀರೇ ಬೇಕು. ಇಬ್ಬರನ್ನೂ ಒಂದೇ ಪಾತ್ರೆಗೆ ಹಾಕಿದರೆ ಒಬ್ಬ ಮೈ ಕಾಯುವ ಮೊದಲೇ ಇನ್ನೊಬ್ಬ ಕಹಿಯಾಗಿ ಸಾಯುತ್ತಾನೆ. ಅಣ್ಣ ಒಂದು ಗುಟುಕು ಕುಡಿದು, "ಮೂಗಿಲ್ಲದಿದ್ದದ್ದು ಒಳ್ಳೇದೇ ಆಯ್ತು" ಅಂದರು. ಗ್ರೀನ್ ಟೀಗೆ ಅಲ್ಲೇ ಪ್ಯಾಕಪ್.

ರಾಜ್‌ಕುಮಾರ್ ಮತ್ತು ವಿಷ್ಣುವರ್ಧನ್ ಒಟ್ಟಿಗೆ ನಟಿಸಿದ್ದು 'ಗಂಧದ ಗುಡಿ'ಯೊಂದರಲ್ಲೇ ಅಲ್ಲವೇ? ಅದು ನಿಂತದ್ದು ಇಬ್ಬರಿಗೂ ಒಂದೇ ಕೆಲಸ ಕೊಡದೆ ಇದ್ದದ್ದರಿಂದ ಎಂದು ನನ್ನ ಅಭಿಪ್ರಾಯ. (ಅಭಿಮಾನಿಗಳು ಪತ್ರ ಬರೆದು ಜಗಳ ಆಡಬಹುದು, ಸ್ವಾಗತ.) ಟೀಯಲ್ಲೂ ಅಷ್ಟೇ. ಮೈಗಟ್ಟು ಕೊಡುವವನು ಅಸ್ಸಾಂ. ಬಣ್ಣ, ಒಗರು ಡಸ್ಟಿನ ಪಾಲು. ನೀಲಗಿರಿಯ ಕೆಲಸ ಘಮ. ಕೆಳಗೂರಿನ ಎಲೆ ಕಡೆಯಲ್ಲಿ ಬಾಯಲ್ಲಿ ಉಳಿಯುವ ಮೆದು. ಒಬ್ಬೊಬ್ಬರನ್ನೂ ಬೇರೆ ಬೇರೆ ಕುದಿಸಿ ಕುಡಿದು ನೋಡಿದ ಮೇಲೆ ಗೊತ್ತಾದದ್ದು ಇದು. ಬೆರೆಸುವ ಮೊದಲು ಒಂಟಿಯಾಗಿ ಕುಡಿಯಬೇಕು, ಇಲ್ಲದಿದ್ದರೆ ತಪ್ಪು ಯಾರದು ಎಂದೇ ತಿಳಿಯುವುದಿಲ್ಲ.

ರುಚಿ ನೋಡಲಿಕ್ಕೆ ಟೀ ಕಾಸುವ ಒಂದು ಅಂತರರಾಷ್ಟ್ರೀಯ ಅಳತೆ 1980ರಿಂದ ಇದೆ. ನೂರು ಮಿಲಿ ನೀರಿಗೆ ಎರಡು ಗ್ರಾಂ ಪುಡಿ, ಆರು ನಿಮಿಷ. ರೂಮಿನಲ್ಲಿ ಗಡಿಯಾರ ಕೆಟ್ಟಿತ್ತು. ಆದರೆ ಅಣ್ಣನ ತಲೆಯೊಳಗೆ ಗಡಿಯಾರ ಇದೆ. ಸಾವಿರ ಅಡಿ ರೀಲು ಹನ್ನೊಂದು ನಿಮಿಷ ಓಡುತ್ತದೆ, ಬದುಕಿಡೀ ಅದನ್ನೇ ಎಣಿಸಿದವರು. ಕಣ್ಣು ಮುಚ್ಚಿ ಕೂತು, "ಅರ್ಧ ರೀಲು ದಾಟಿತು, ಸೋಸು" ಅನ್ನುವರು. ಆರು ನಿಮಿಷಕ್ಕೆ ಸರಿಯಾಗಿರುತ್ತಿತ್ತು! ಹಾಲು ಹಾಕುತ್ತಿರಲಿಲ್ಲ. ಹಾಲಿನ ಪ್ರೋಟೀನು ಟೀಯ ಒಗರನ್ನು ಹಿಡಿದು ಕಟ್ಟಿಹಾಕುತ್ತದೆ. ಅಣ್ಣನಿಗೆ ತಟ್ಟುತ್ತಿದ್ದದ್ದು ಆ ಒಗರೊಂದೇ, ಅದನ್ನೂ ಕಿತ್ತುಕೊಂಡರೆ ಹೇಗೆ?

ಡಾಕ್ಟರು ಬೇರೆ ಮೂಗಿಗೆ ಕಸರತ್ತು ಹೇಳಿದ್ದರು. ಗುಲಾಬಿ, ನಿಂಬೆ, ಲವಂಗ, ನೀಲಗಿರಿ ಎಣ್ಣೆ, ಈ ನಾಲ್ಕನ್ನೂ ದಿನಕ್ಕೆ ಎರಡು ಸಲ ಒಂದೊಂದಾಗಿ ಮೂಸುವುದು, ತಿಂಗಳುಗಟ್ಟಲೆ. ಜರ್ಮನಿಯ ಡ್ರೆಸ್ಡೆನ್ನಿನ ವೈದ್ಯರು 2009ರಲ್ಲಿ ಪ್ರಕಟಿಸಿದ ಪದ್ಧತಿ ಅದು. ಅಣ್ಣ ನಾಲ್ಕು ಸೀಸೆ ಜೇಬಿನಲ್ಲಿಟ್ಟುಕೊಂಡು ಬರುವರು, ಮೂಸುವರು, ತಲೆ ಆಡಿಸುವರು, ಟೀ ಕುಡಿಯುವರು, ಹೋಗುವರು. ಎಷ್ಟೋ ದಿನ ಇದೇ ಸೀನು, ಇದೇ ರೀಟೇಕು.

ಸೆಪ್ಟೆಂಬರಿನ ಒಂದು ಭಾನುವಾರ. ಹೊರಗೆ ಜಡಿಮಳೆ. ಪ್ಯಾಕೆಟ್ಟುಗಳೆಲ್ಲ ತಳ ಕಂಡಿದ್ದವು. ಗ್ರೀನ್ ಟೀ ಬಿಟ್ಟು ನಾಲ್ಕನ್ನೂ ಪಾತ್ರೆಯ ಮೇಲೆ ಬೋರಲು ಹಾಕಿ, ಬೆರಳಲ್ಲಿ ತಟ್ಟಿ ತಟ್ಟಿ ಕೊನೆಯ ಕಾಳಿನವರೆಗೂ ಉದುರಿಸಿದೆ. ಸೋಸಿ ಲೋಟ ಕೊಟ್ಟೆ. ಅಣ್ಣ ತುಟಿಯ ಹತ್ತಿರ ತಂದವರು ಅಲ್ಲೇ ನಿಂತರು.

"ಏನೋ ಇದೆ ಕಣೋ."

"ಏನಣ್ಣ?"

"ಇರು, ಮಾತಾಡ್ಬೇಡ." ಇನ್ನೊಮ್ಮೆ ಮೂಸಿದರು. "ಗೋಣಿ... ಮಳೆಗೆ ನೆಂದ ಗೋಣಿತಾಟು. ಗಬ್ಬು ವಾಸನೆ ಅಲ್ಲ. ನಿಜವಾದ ಗೋಣಿ."

ಟೀ ಆರುವವರೆಗೂ ಕುಡಿಯಲೇ ಇಲ್ಲ, ಮೂಸುತ್ತಲೇ ಕೂತಿದ್ದರು. ಆರಿದ ಮೇಲೆ ಲೋಟ ಚಾಚಿ ಇನ್ನೊಂದು ಕೇಳಿದರು. ಎಲ್ಲಿಂದ ತರಲಿ? ಖಾಲಿ ಪ್ಯಾಕೆಟ್ಟುಗಳನ್ನೂ ಆಗಲೇ ಕಸಕ್ಕೆ ಹಾಕಿದ್ದೆ. ಎಷ್ಟು ಗ್ರಾಂ ಯಾವುದು ಎಂದು ಬರೆದಿಟ್ಟಿರಲಿಲ್ಲ.

ಮೈಸೂರಿನ ತಮ್ಮಾ, ಕಾಗದ ಪೆನ್ನು ಅಂದದ್ದು ಇದಕ್ಕೆ.

ಮಾರನೇ ದಿನ ಸಾಲ ಮಾಡಿ ನಾಲ್ಕೂ ಹೊಸ ಪ್ಯಾಕೆಟ್ಟು ತಂದೆ. ಸಮಸಮ ಹಾಕಿದೆ. ಅಣ್ಣ ಮೂಸಿದರು, ಇಲ್ಲ ಅಂದರು. ಅಸ್ಸಾಂ ಹೆಚ್ಚಿಸಿದೆ, ಇಲ್ಲ. ನೀಲಗಿರಿ ಹೆಚ್ಚಿಸಿದೆ, ಇಲ್ಲ. ಆರು ಸಲ, ಏಳು ಸಲ. ಅಣ್ಣನ ಮುಖ ದಿನದಿನಕ್ಕೆ ಸಣ್ಣದಾಗುತ್ತಿತ್ತು. "ಅವತ್ತು ಭ್ರಮೆ ಇರಬೇಕು ಬಿಡೋ" ಅಂದರು. ಆ ಮಾತಿಗೆ ನನಗೆ ರಾತ್ರಿ ನಿದ್ದೆ ಬರಲಿಲ್ಲ.

ಗುಟ್ಟು ಸಿಕ್ಕಿದ್ದು ಥಿಯೇಟರಿನ ಲೆಕ್ಕದಲ್ಲಿ. ಸಣ್ಣ ಕಾಳು, ದಪ್ಪ ಎಲೆ ಒಂದೇ ಡಬ್ಬಿಯಲ್ಲಿದ್ದರೆ ಅವು ಬೆರೆತು ಕೂರುವುದಿಲ್ಲ ಸ್ವಾಮಿ. ಡಬ್ಬಿ ಎತ್ತಿ ಇಳಿಸಿದಂತೆಲ್ಲ ಸಣ್ಣದು ಸಂದಿಯಲ್ಲಿ ನುಸುಳಿ ಕೆಳಗಿಳಿಯುತ್ತದೆ, ದಪ್ಪದ್ದು ಮೇಲೆ ಉಳಿಯುತ್ತದೆ. ಎಲೆಗೆ ಬಾಲ್ಕನಿ, ಪುಡಿಗೆ ಗಾಂಧಿ ಕ್ಲಾಸು! ಪ್ಯಾಕೆಟ್ಟಿನ ಮೊದಲ ವಾರದ ಟೀ ಸಪ್ಪೆಯಾಗಿ ಕೊನೆಯ ವಾರದ್ದು ಕಡುವಾಗುವುದು ಇದೇ ಕಾರಣಕ್ಕೆ. ಅಂದರೆ ಆ ಭಾನುವಾರ ನಾನು ಉದುರಿಸಿದ್ದು ನೀಲಗಿರಿ ಎಲೆಯನ್ನಲ್ಲ, ನೀಲಗಿರಿಯ ನುಚ್ಚನ್ನು. ಕೆಳಗೂರಿನದೂ ನುಚ್ಚೇ. ಹೊಸ ಪ್ಯಾಕೆಟ್ಟಿನ ಮೇಲಿನ ಎಲೆ ತೆಗೆದು ಎಷ್ಟು ಬೆರೆಸಿದರೂ ಅದು ಹೇಗೆ ಬಂದೀತು?

ಪಕ್ಕದ ಮನೆಯಿಂದ ರವೆ ಜರಡಿ ತಂದು ಎರಡನ್ನೂ ಜಾಲಿಸಿದೆ. ಚಮಚದ ಲೆಕ್ಕವನ್ನೂ ಬಿಟ್ಟೆ. ಒಂದು ಚಮಚ ಡಸ್ಟ್ ಒಂದು ಚಮಚ ಎಲೆಗಿಂತ ಭಾರ, ಆದ್ದರಿಂದ ಅಳತೆ ತೂಕದಲ್ಲೇ ಆಗಬೇಕು. ಪರಿಚಯದ ಅಕ್ಕಸಾಲಿಗರ ಸಣ್ಣ ತಕ್ಕಡಿ ಎರಡು ದಿನಕ್ಕೆ ಬೇಡಿ ತಂದೆ. ಚಿನ್ನ ತೂಗುವ ತಟ್ಟೆಯಲ್ಲಿ ಟೀ ಪುಡಿ! ಹನ್ನೊಂದನೇ ಸಲ ಅಸ್ಸಾಂ ಐದು ಗ್ರಾಂ, ನೀಲಗಿರಿ ನುಚ್ಚು ಮೂರು, ಕೆಳಗೂರು ನುಚ್ಚು ಒಂದೂವರೆ, ಡಸ್ಟ್ ಅರ್ಧ.

ಅಣ್ಣ ಬಹಳ ಹೊತ್ತು ಮೂಸಿದರು. "ಗೋಣಿ ಅಲ್ಲ ಇದು. ಹುಲ್ಲು. ಆದರೆ ಇದೆ."

ಬೆರಕೆಯಿಂದ ಮೂಗು ಬಂತು ಅಂತ ನಾನು ಹೇಳುವುದಿಲ್ಲ. ಬರುವ ಕಾಲಕ್ಕೆ ಬಂತು, ನಾಲ್ಕು ಸೀಸೆಯ ಕಸರತ್ತೂ ಇತ್ತು. ಎಲ್ಲರಿಗೂ ಹಾಗೆ ವಾಪಸು ಬಂದಿಲ್ಲ ಅನ್ನುವುದೂ ನಿಜ. ಮೂಗು ಕೆಟ್ಟವರು ಡಾಕ್ಟರ ಹತ್ತಿರ ಹೋಗಿ, ನನ್ನ ಹತ್ತಿರ ಬರಬೇಡಿ. ಆದರೆ ಆ ಐದು-ಮೂರು-ಒಂದೂವರೆ-ಅರ್ಧ ನನ್ನ ನೋಟ್‌ಬುಕ್ಕಿನಲ್ಲಿದೆ. ಇವತ್ತಿಗೂ ಅದನ್ನೇ ಕುಡಿಯುತ್ತೇನೆ, ಈಗ ಹಾಲು ಹಾಕಿ. ಡಬ್ಬಿಯನ್ನು ಪ್ರತಿ ಸಲ ಮಲಗಿಸಿ ಉರುಳಿಸಿಯೇ ಚಮಚ ಹಾಕುವುದು.

ಒಂದು ಎಚ್ಚರಿಕೆ. ಉಳಿದ ಪುಡಿ ಅಂದರೆ ಒಣ ಪುಡಿ, ಕುದಿಸಿ ಸೋಸಿದ ಚರಟ ಅಲ್ಲ. ಅದನ್ನು ಒಣಗಿಸಿ ಬಣ್ಣ ಹಾಕಿ ಮಾರುವ ಕೇಡಿಗಳು ಬೇರೆ ಇದ್ದಾರೆ. ಅನುಮಾನ ಬಂದರೆ ಒದ್ದೆ ಮಾಡಿದ ಫಿಲ್ಟರ್ ಕಾಗದದ ಮೇಲೆ ನಾಲ್ಕು ಕಾಳು ಉದುರಿಸಿ. ತಣ್ಣೀರಿಗೇ ತಕ್ಷಣ ಬಣ್ಣ ಹರಡಿದರೆ ಆ ಪುಡಿ ಬೇಡ. ಒಳ್ಳೆಯ ಪುಡಿ ಅಷ್ಟು ಅವಸರ ಮಾಡುವುದಿಲ್ಲ.

2022ರ ಅಕ್ಟೋಬರ್ 28, ಅಪ್ಪು ಇಲ್ಲದೆ ಅಪ್ಪುವಿನ 'ಗಂಧದ ಗುಡಿ' ಬಂದ ದಿನ. ಅಣ್ಣನೂ ನಾನೂ ಹೋಗಿದ್ದೆವು. ಕಾಡು, ಹೊಳೆ, ಆನೆ. ಅಣ್ಣ ಪರದೆ ನೋಡುತ್ತಲೇ ಪಿಸುಗುಟ್ಟಿದರು, "ಹಿಂದಿನ ಸಾಲಿನಲ್ಲಿ ಯಾರೋ ಕಿತ್ತಳೆ ಸುಲಿದರು." ತಿರುಗಿ ನೋಡಿದೆ. ನಿಜ! ಒಬ್ಬ ಅಜ್ಜಿ ಮೊಮ್ಮಗನಿಗೆ ಸುಲಿದು ಕೊಡುತ್ತಿದ್ದರು. ಅಣ್ಣನ ಕೆನ್ನೆ ಒದ್ದೆಯಾಗಿತ್ತು. ಅಪ್ಪುವಿಗೋ ಕಿತ್ತಳೆಗೋ ನಾನು ಕೇಳಲಿಲ್ಲ.

ಕಳೆದ ಭಾನುವಾರ ಬಂದಿದ್ದರು. ಹಬ್ಬಕ್ಕೆ ಊರಿಗೆ ಹೋಗುವ ಮುಂಚೆ ನಾನು ಟೀ ಡಬ್ಬಿಯನ್ನು ಭದ್ರವಾಗಿರಲಿ ಅಂತ ಬೀರುವಿನಲ್ಲಿ ಬಟ್ಟೆಗಳ ಮಧ್ಯೆ ಇಟ್ಟಿದ್ದೆ. ಟೀ ಪುಡಿ ಪಕ್ಕದಲ್ಲಿರುವ ಯಾವ ವಾಸನೆಯನ್ನಾದರೂ ಹೀರಿಕೊಳ್ಳುತ್ತದೆ, ಮಲ್ಲಿಗೆ ಟೀ ಮಾಡುವುದೂ ಎಲೆಯ ಜೊತೆ ಹೂವು ಹರಡಿಯೇ. ಇಷ್ಟೆಲ್ಲ ಓದಿಕೊಂಡವನು ನಾನು! ನೀರು ಕುದಿಯಿತು, ಮುಚ್ಚಳ ತೆರೆದೆ. ನಾನು ಮೂಸುವ ಮೊದಲೇ, ನಾಲ್ಕು ಅಡಿ ಆಚೆ ಕುರ್ಚಿಯಲ್ಲಿ ಕೂತಿದ್ದ ಅಣ್ಣ ಕೂಗಿದರು.

"ಥೂ! ನುಸಿಗುಳಿಗೆ ವಾಸನೆ! ಎಲ್ಲಿಟ್ಟಿದ್ಯೋ ಅದನ್ನ, ಬುದ್ಧಿ ಇಲ್ವಾ ನಿನಗೆ? ಚೆಲ್ಲು, ಚೆಲ್ಲು ಮೊದಲು!"

ಐದು ನಿಮಿಷ ಬೈದರು. ನಾನು ಡಬ್ಬಿ ಹಿಡಿದುಕೊಂಡು, ಇನ್ನೂ ಸ್ವಲ್ಪ ಬೈಯಲಿ ಅಂತ ಸುಮ್ಮನೆ ನಿಂತಿದ್ದೆ.